ಮನೆಯ ಪೆಟ್ಟಿಗೆಗೆ ಕಾಡಿನ ಕರಿಯ ರಾಣಿ

ನಮ್ಮ ಮನೆಯ ಬಡಗಣ ಅಂಗಳದಲ್ಲಿ ಹಲಸಿನ ಮರದ ನೆರಳಿಗೆ ಈಗ ಏಳು ಜೇನುಪೆಟ್ಟಿಗೆಗಳಿವೆ. ಬಂದ ನೆಂಟರಿಷ್ಟರು ಕೈಕಾಲು ತೊಳೆದು, ಬೆಲ್ಲ ನೀರು ಕುಡಿದು, ದಣಿವಾರಿದ ಮೇಲೆ ಅತ್ತ ಒಂದು ಸುತ್ತು ಹೋಗಿಬರುವುದು ವಾಡಿಕೆ. ಅವರು ಕೇಳುವ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ. “ಇದೇನು ಮಾಸ್ತರೇ, ಈ ಪೆಟ್ಟಿಗೆಯ ನೊಣ ಹೊಂಬಣ್ಣ, ಆ ಪೆಟ್ಟಿಗೆಯದು ಇದ್ದಲಿನಂತೆ ಕಪ್ಪು, ನಡುವಣ ಪೆಟ್ಟಿಗೆಯಲ್ಲಿ ಎರಡೂ ಬೆರೆತಿವೆಯಲ್ಲ?” ನಿಂತ ಕಾಲಿನಲ್ಲಿ ಇದಕ್ಕೆ ಉತ್ತರ ಹೇಳಿ ಮುಗಿಸುವುದು ಸಾಧ್ಯವಿಲ್ಲ. ಉತ್ತರದೊಳಗೆ ನನ್ನ ಮೂರು ವರ್ಷದ ಪ್ರಯತ್ನವೂ, ಮಾಡಿದ ತಪ್ಪುಗಳೂ, ಹಳೆಯದೊಂದು ದುಃಖವೂ ಸೇರಿಕೊಂಡಿವೆ. ಮನೆಯಲ್ಲಿ ಒಂದೆರಡು ಪೆಟ್ಟಿಗೆ ಇಟ್ಟುಕೊಂಡಿರುವ, ಇಲ್ಲವೆ ಇಡಬೇಕೆಂದಿರುವ ಗೃಹಸ್ಥರಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೋಪನಿಷತ್ತಿನ ಎರಡನೆಯ ಪ್ರಶ್ನೆಯಲ್ಲಿ ಪ್ರಾಣದ ಹಿರಿಮೆಯನ್ನು ತಿಳಿಸುವುದಕ್ಕೆ ಜೇನುನೊಣದ ದೃಷ್ಟಾಂತವೊಂದಿದೆ. ಜೇನುಗಳ ಅರಸನು ಮೇಲೆದ್ದರೆ ಮಿಕ್ಕ ನೊಣಗಳೆಲ್ಲವೂ ಏಳುತ್ತವೆ. ಅವನು ನೆಲೆಗೊಂಡರೆ ಅವೂ ನೆಲೆಗೊಳ್ಳುತ್ತವೆ. ಇಂದ್ರಿಯಗಳಿಗೂ ಪ್ರಾಣಕ್ಕೂ ಇರುವ ಸಂಬಂಧವು ಅಂಥದು, ಎಂಬುದು ಅದರ ತಾತ್ಪರ್ಯ. ನೋಡಿದವರೇ ಹೇಳಬಲ್ಲ ಮಾತು ಇದು. ಅರಸನೆಂದುದೊಂದು ಮಾತ್ರ ತಪ್ಪು, ಅದು ಅರಸಿ. ಆ ತಪ್ಪು ನಮ್ಮವರದು ಮಾತ್ರವಲ್ಲ. ಯುರೋಪಿನ ಹಿಂದಿನ ಪಂಡಿತರೂ ಅದನ್ನು ರಾಜನೆಂದೇ ಬಗೆದಿದ್ದರು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬಟ್ಲರ್ ಎಂಬ ಪಾದ್ರಿಯು 1609 ರಲ್ಲಿ ಜೇನಿನ ರಾಜ್ಯವು ಸ್ತ್ರೀರಾಜ್ಯವೆಂದು ಪುಸ್ತಕ ಬರೆದ ಮೇಲೆಯೇ ಅಲ್ಲಿಯ ಜನಕ್ಕೆ ಈ ಮಾತು ಬಳಕೆಯಾದುದು. ಒಂದು ಪೆಟ್ಟಿಗೆಯ ಸಾವಿರಾರು ನೊಣಗಳಿಗೂ ಆ ಒಬ್ಬಳೇ ತಾಯಿ. ನೊಣಗಳ ಬಣ್ಣ, ಸ್ವಭಾವ, ದುಡಿಮೆ, ರೋಗ ತಡೆಯುವ ಶಕ್ತಿ ಇವೆಲ್ಲವೂ ಅವಳಿಂದಲೂ ಅವಳು ಕೂಡಿದ ಗಂಡುಗಳಿಂದಲೂ ಬರತಕ್ಕವು. ಆದುದರಿಂದ ಪೆಟ್ಟಿಗೆಯ ಗುಣವನ್ನು ಬದಲಾಯಿಸಬೇಕಾದರೆ ರಾಣಿಯನ್ನು ಬದಲಾಯಿಸಬೇಕು. ಹೇಳುವುದಕ್ಕೆ ಇದು ಒಂದು ವಾಕ್ಯ.

ನಮ್ಮ ಮಲೆನಾಡಿನಲ್ಲಿ ಹೆಜ್ಜೇನು, ಕೋಲುಜೇನು, ತುಡುವೆ, ಮಿಸರಿ ಎಂದು ನಾಲ್ಕು ಬಗೆಯ ಜೇನುಗಳುಂಟು. ಹೆಜ್ಜೇನೂ ಕೋಲುಜೇನೂ ಬಯಲಿನಲ್ಲಿ ಒಂದೊಂದೇ ಎರಿಯನ್ನು ಕಟ್ಟುವುವು. ಪೆಟ್ಟಿಗೆಯ ಬಾಳು ಅವಕ್ಕೆ ಒಗ್ಗದು. ಮಿಸರಿಯು ಔಷಧಕ್ಕೆ ಬೇಕಾದಷ್ಟು ಮಾತ್ರ ತುಪ್ಪ ಕೊಡುವುದು. ಮರದ ಪೊಟರೆಯಲ್ಲಿಯೂ ಹುತ್ತದಲ್ಲಿಯೂ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ತುಡುವೆಯೇ ಗೃಹಸ್ಥನ ಜೇನು. ಈ ತುಡುವೆಯಲ್ಲಿ ಮೊದಲಿನಿಂದಲೂ ಎರಡು ಬಣ್ಣಗಳನ್ನು ಜನರು ಗುರುತಿಸುತ್ತ ಬಂದಿದ್ದಾರೆ. ಬಯಲುಸೀಮೆಯದು ಹಳದಿ ಪಟ್ಟೆಯದು. ಘಟ್ಟದ ಕಾಡಿನದು ಕರಿಯದು. ಜೇನುತುಪ್ಪದಲ್ಲಿ ಚರಕರು ನಾಲ್ಕು ಭೇದಗಳನ್ನೂ ಸುಶ್ರುತರು ಎಂಟು ಭೇದಗಳನ್ನೂ ಹೇಳಿ, ನೊಣದ ಬಗೆಯಿಂದಲೇ ತುಪ್ಪಕ್ಕೆ ಹೆಸರಿಟ್ಟಿದ್ದಾರೆ. ಮಾಕ್ಷಿಕ, ಭ್ರಾಮರ, ಕ್ಷೌದ್ರ, ಪೌತ್ತಿಕ ಎಂಬ ಆ ಹೆಸರುಗಳನ್ನು ನಾನು ಹುಡುಗರಿಗೆ ಬಾಯಿಪಾಠ ಮಾಡಿಸಿದವನೇ. ಅವುಗಳಲ್ಲಿ ನಮ್ಮ ತುಡುವೆ ಯಾವುದೆಂದು ಒಬ್ಬ ಹುಡುಗನಾದರೂ ಕೇಳಲಿಲ್ಲ. ಕೇಳಿದ್ದರೆ ನಾನು ತೊಡಕಿಗೆ ಸಿಕ್ಕುತ್ತಿದ್ದೆ.

ಡೆನ್ಮಾರ್ಕಿನ ಫ್ಯಾಬ್ರಿಶಿಯಸ್ ಎಂಬ ಕೀಟಶಾಸ್ತ್ರಜ್ಞನು 1798 ರಲ್ಲಿ ನಮ್ಮ ತುಡುವೆಗೆ ‘ಇಂಡಿಕಾ’ ಎಂದು ಹೆಸರಿಟ್ಟನು. ಅದಾಗಿ ಇನ್ನೂರಕ್ಕೂ ಮಿಕ್ಕಿ ವರ್ಷಗಳು ಕಳೆದ ಮೇಲೆ, 2022 ರಲ್ಲಿ, ಕೇರಳದ ವಿಜ್ಞಾನಿಗಳು ಪಶ್ಚಿಮಘಟ್ಟದ ಕರಿಯ ಜೇನು ಬೇರೆಯೇ ಜಾತಿಯೆಂದು ಪ್ರಕಟಿಸಿ, ಮಲೆಯಾಳದ ಆಡುಮಾತನ್ನೇ ಆಧರಿಸಿ ಅದಕ್ಕೆ ‘ಕರಿಂಜೋಡಿಯನ್’ ಎಂದು ಹೆಸರು ಕೊಟ್ಟರು. ಗೋವೆಯಿಂದ ನಮ್ಮ ಘಟ್ಟಗಳನ್ನು ಹಿಡಿದು ಕೇರಳದವರೆಗೆ ಅದರ ನೆಲೆಯೆಂದು ಹೇಳಿದ್ದಾರೆ. ಅದು ಬೇರೆ ಜಾತಿಯೋ, ತುಡುವೆಯ ಒಳಭೇದವೋ, ರೆಕ್ಕೆಯ ನರಗಳನ್ನು ಅಳೆದು ಪಂಡಿತರು ವಾದಿಸಿಕೊಳ್ಳಲಿ. ನಾನು ಶಾಲೆಯ ಕೆಲಸದಿಂದ ನಿವೃತ್ತನಾದುದು ಅದೇ ವರ್ಷ. ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ನೆನಪಾದುದು ಶಾಸ್ತ್ರವಲ್ಲ, ನಮ್ಮ ತೀರ್ಥರೂಪರ ಖಾಲಿ ಪೆಟ್ಟಿಗೆಗಳು.

ಆ ಸಂಗತಿಯನ್ನು ಇಲ್ಲಿ ಹೇಳಬೇಕು. ನಮ್ಮದು ಸಿದ್ದಾಪುರದ ಸೀಮೆಯ ಒಂದು ಅಡಿಕೆ ತೋಟದ ಮನೆ. ತಂದೆಯವರು ಹದಿನಾಲ್ಕು ಪೆಟ್ಟಿಗೆ ಇಟ್ಟಿದ್ದರು. ತಿರುಚಿನಾಪಳ್ಳಿಯ ಕಾಲೇಜಿನಲ್ಲಿದ್ದ ನ್ಯೂಟನ್ ಎಂಬ ಪಾದ್ರಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ಸಣ್ಣ ಜೇನಿಗೆಂದೇ ರೂಪಿಸಿದ, ಏಳು ಚೌಕಟ್ಟಿನ ಪೆಟ್ಟಿಗೆಗಳು ಅವು. ಮಕ್ಕಳ ಪುಸ್ತಕಕ್ಕೂ ಮನೆಯ ಔಷಧಕ್ಕೂ ಬೇಕಾಗುವಷ್ಟನ್ನು ಜೇನೇ ಸಂಪಾದಿಸುತ್ತಿತ್ತು. 1991 ರಲ್ಲಿ ಕೇರಳದ ಕಡೆಯಿಂದ ಒಂದು ರೋಗದ ಸುದ್ದಿ ಬಂದಿತು. ಮರುವರ್ಷ ರೋಗವೇ ಬಂದಿತು. ಥಾಯಿ ದೇಶದಲ್ಲಿ ಮೊದಲು ಕಂಡುದರಿಂದ ಅದಕ್ಕೆ ಥಾಯಿ ಸ್ಯಾಕ್‌ಬ್ರೂಡ್ ಎಂದು ಹೆಸರು. ಬೆಳೆದ ನೊಣಗಳು ನೋಡುವುದಕ್ಕೆ ಆರೋಗ್ಯವಾಗಿಯೇ ಇರುತ್ತವೆ. ಎರಿಯ ಕೋಶಗಳಲ್ಲಿ ಮಾತ್ರ ಮರಿಹುಳುಗಳು ತಲೆ ಮೇಲೆತ್ತಿಕೊಂಡು, ನೀರು ತುಂಬಿದ ಸಣ್ಣ ಚೀಲಗಳಂತಾಗಿ ಸತ್ತಿರುತ್ತವೆ. ಮರಿ ಏಳದ ಮನೆಯಲ್ಲಿ ನೊಣಗಳು ನಿಲ್ಲವು. ಒಂದು ಬೆಳಗ್ಗೆ ಒಂದು ಪೆಟ್ಟಿಗೆ ಹಾರಿಹೋಗುವುದು, ನಾಲ್ಕು ದಿನ ಬಿಟ್ಟು ಇನ್ನೊಂದು. ತಂದೆಯವರು ದಿನವೂ ಸ್ನಾನಕ್ಕೆ ಮೊದಲು ಪೆಟ್ಟಿಗೆಯ ಬಾಗಿಲ ಮುಂದೆ ಕುಳಿತು ಸತ್ತು ಹೊರಬಿದ್ದ ಮರಿಗಳನ್ನು ಎಣಿಸುತ್ತಿದ್ದರು. ಇಡೀ ತೆಂಕಣ ಭಾರತದಲ್ಲಿ ಸಾಕಿದ ತುಡುವೆಯ ಕುಟುಂಬಗಳು ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಆಗ ನಾಶವಾದುವು. ನಮ್ಮ ಹದಿನಾಲ್ಕರಲ್ಲಿ ಒಂದೂ ಉಳಿಯಲಿಲ್ಲ. ತಂದೆಯವರು ತುಪ್ಪ ತೆಗೆಯುವ ಯಂತ್ರವನ್ನು ತೊಳೆದು, ಹಳೆಯ ಪಂಚೆಯಲ್ಲಿ ಕಟ್ಟಿ ಅಟ್ಟಕ್ಕೇರಿಸಿದರು. “ಕಾಡಿನಲ್ಲಿ ಉಳಿದಿದ್ದರೆ ಬರುತ್ತವೆ” ಎಂದರು. ಅವರ ಕಾಲದಲ್ಲಿ ಬರಲಿಲ್ಲ.

ಕಾಡಿನಲ್ಲಿ ಉಳಿದಿದ್ದುದು ನಿಜ. ರೋಗವು ಸಾಕಿದವನ್ನೂ ಕಾಡಿನವನ್ನೂ ಒಂದೇ ಸಮನೆ ಹೊಡೆದರೂ, ಪೊಟರೆಗಳಲ್ಲಿ ಅಲ್ಲೊಂದು ಇಲ್ಲೊಂದು ಕುಟುಂಬ ತಾಳಿಕೊಂಡಿತು; ವರ್ಷಗಳು ಕಳೆದ ಹಾಗೆ ಅವೇ ಮತ್ತೆ ಹಬ್ಬಿದುವು. ಆದರೆ ನಾನು ಅವುಗಳನ್ನು ಅರಸಿಕೊಂಡು ಹೋಗದೆ, 2018 ರಲ್ಲಿ ಬಯಲುಸೀಮೆಯ ಒಬ್ಬ ವ್ಯಾಪಾರಿಯಿಂದ ನಾಲ್ಕು ಕುಟುಂಬಗಳನ್ನು ಕೊಂಡು ತಂದೆ. ಹಳದಿ ಪಟ್ಟೆಯ ಸುಂದರವಾದ ನೊಣಗಳು. ಮಾಘದಿಂದ ವೈಶಾಖದವರೆಗೆ ಚೆನ್ನಾಗಿ ದುಡಿದುವು. ಮೃಗಶಿರೆಯ ಮಳೆ ಹಿಡಿದ ಮೇಲೆ ಅವುಗಳ ಸಂಸಾರದ ರೀತಿ ತಿಳಿಯಿತು. ಹೊರಗೆ ಹೂವಿಲ್ಲ, ಹಾರುವುದಕ್ಕೆ ಬಿಡುವಿಲ್ಲ. ರಾಣಿಯಾದರೋ ಮೊಟ್ಟೆಯಿಡುವುದನ್ನು ತಗ್ಗಿಸಳು. ಮರಿಗಳ ಬಾಯಿಗೆ ಹಾಕುವುದಕ್ಕೆ ನಾನು ಸಕ್ಕರೆಯ ಪಾನಕವನ್ನು ಎರೆಯುತ್ತಲೇ ಇರಬೇಕು. ಆಶ್ಲೇಷೆಯ ಮಳೆಯ ಹೊತ್ತಿಗೆ ಎರಡು ಪೆಟ್ಟಿಗೆ ಖಾಲಿ. ಬಿಟ್ಟುಹೋದ ಎರಿಗಳನ್ನು ಮೇಣದ ಹುಳು ಬಲೆಗಟ್ಟಿ ತಿಂದಿತ್ತು. ಮರುವರ್ಷ ಮತ್ತೆ ಕೊಂಡೆ, ಮತ್ತೆ ಕಳೆದುಕೊಂಡೆ. ವಿಲಾಯಿತಿ ಜೇನನ್ನು ತರಿಸಿರೆಂದು ಕೆಲವರು ಬುದ್ಧಿ ಹೇಳಿದರು. ಸೂರ್ಯಕಾಂತಿಯ ಹೊಲದಿಂದ ಹೊಲಕ್ಕೆ ಪೆಟ್ಟಿಗೆಗಳನ್ನು ಲಾರಿಯಲ್ಲಿ ಹೊತ್ತು ತಿರುಗಬಲ್ಲವರಿಗೆ ಅದು ಸರಿ. ಮನೆ ಬಿಟ್ಟು ಕದಲದ ನನ್ನಂಥವನಿಗೆ, ನಮ್ಮ ಜಡಿಮಳೆಗೆ, ಸರಿಯಲ್ಲ.

ಅದೇ ಹೊತ್ತಿಗೆ ನಮ್ಮ ಸೊಪ್ಪಿನ ಬೆಟ್ಟದ ಹೊನ್ನೆಮರದ ಪೊಟರೆಯೊಂದರಲ್ಲಿ ಕರಿಯ ತುಡುವೆ ಇರುವುದನ್ನು ಸೊಪ್ಪು ಕೊಯ್ಯಲು ಬಂದ ಹಿರಿಯರೊಬ್ಬರು ತೋರಿಸಿದರು. “ನಾಲ್ಕು ಮಳೆಗಾಲದಿಂದ ನೋಡುತ್ತಿದ್ದೇನೆ ಮಾಸ್ತರೇ, ಆ ಬಾಗಿಲು ಒಮ್ಮೆಯೂ ಖಾಲಿಯಾಗಿಲ್ಲ” ಎಂದರು. ನಾಲ್ಕು ಮಳೆಗಾಲ ಸಕ್ಕರೆ ಎರೆದವರಾರು?

ಮೊದಲಿನ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. 2022 ರ ಮಾರ್ಗಶಿರದಲ್ಲಿ ಬೆಟ್ಟದ ಇನ್ನೊಂದು ಮಗ್ಗುಲಿನ ಹುತ್ತವನ್ನು ಕರಡಿ ಬಗೆದು ಜೇನು ತಿಂದುಹೋಗಿತ್ತು. ಅಳಿದುಳಿದ ಒಂದು ಹಿಡಿ ನೊಣಗಳು ಪಕ್ಕದ ಗಿಡದಲ್ಲಿ ಜೋತುಕೊಂಡಿದ್ದುವು. ನಡುವೆ ರಾಣಿ, ಮೈಯೆಲ್ಲ ಕಾಡಿಗೆಯ ಕಪ್ಪು. ಅಷ್ಟೇ ನೊಣಗಳಿಂದ ಒಂದು ಸಂಸಾರ ನಿಲ್ಲುವುದಿಲ್ಲವೆಂದು, ರಾಣಿಯನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟುಕೊಂಡು ಮನೆಗೆ ಬಂದೆ. ಹಳದಿಯ ಒಂದು ಪೆಟ್ಟಿಗೆಯಿಂದ ಅದರ ರಾಣಿಯನ್ನು ತೆಗೆದು, ಹೊಸಬಳನ್ನು ಸಣ್ಣ ತಂತಿಬಲೆಯ ಗೂಡಿನಲ್ಲಿ ಎರಿಗಳ ನಡುವೆ ಇಟ್ಟೆ. ಎರಡು ಮೂರು ದಿನ ಹಾಗೆಯೇ ಬಿಟ್ಟು, ನೊಣಗಳು ಬಲೆಯ ಹೊರಗಿನಿಂದ ಅವಳಿಗೆ ಉಣಿಸತೊಡಗಿದ ಮೇಲೆ ಬಿಡಬೇಕೆಂಬುದು ಕ್ರಮ. ರಾಣಿಯ ಮೈಯ ವಾಸನೆಯೇ ಆ ಮನೆಯ ಒಕ್ಕಟ್ಟು. ಹಳಬಳ ವಾಸನೆ ಆರಿ ಹೊಸಬಳದು ಹರಡುವುದಕ್ಕೆ ಕಾಲ ಬೇಕು. ನಾನು ಮರುದಿನ ಮಧ್ಯಾಹ್ನವೇ ನೋಡಿ, ನೊಣಗಳು ಗೂಡಿನ ಮೇಲೆ ಕಿಕ್ಕಿರಿದಿರುವುದನ್ನು ಪ್ರೀತಿಯೆಂದು ತಿಳಿದು, ಬಾಗಿಲು ತೆಗೆದೆ. ಎರಡು ಗಳಿಗೆಯಲ್ಲಿ ಅವಳ ಸುತ್ತ ಅಡಿಕೆಯ ಗಾತ್ರದ ನೊಣದ ಉಂಡೆ ಕಟ್ಟಿತು. ಕಡಜವು ಮನೆಬಾಗಿಲಿಗೆ ಬಂದಾಗ ಅದನ್ನು ಮುತ್ತಿ ಮೈಬಿಸಿಯಿಂದಲೇ ಬೇಯಿಸಿ ಕೊಲ್ಲುವ ವಿದ್ಯೆ ನಮ್ಮ ತುಡುವೆಗುಂಟು. ಪರಕೀಯಳಾದ ರಾಣಿಗೂ ಅದೇ ಸತ್ಕಾರ. ನೀರು ಚಿಮುಕಿಸಿ ಉಂಡೆಯನ್ನು ಬಿಡಿಸುವಷ್ಟರಲ್ಲಿ ಅವಳು ಸತ್ತಿದ್ದಳು. ಕರಡಿಯ ಕೈಯಿಂದ ತಪ್ಪಿಸಿಕೊಂಡು ಬಂದವಳು ಮಾಸ್ತರನ ಆತುರಕ್ಕೆ ಸಿಕ್ಕಿದಳು. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

ಆಮೇಲೆ ಹೊನ್ನೆಮರದ ಕುಟುಂಬವನ್ನೇ ಇಳಿಸಿದೆವು. ಅದು ನಮ್ಮ ತೋಟಕ್ಕೆ ಸೇರಿದ ಬೆಟ್ಟವಾದುದರಿಂದಲೂ, ಆ ಮರದ ಕೊಂಬೆ ಹೇಗಿದ್ದರೂ ಮುರಿದು ಬೀಳುವಂತಿದ್ದುದರಿಂದಲೂ ಹಾಗೆ ಮಾಡಿದೆನಲ್ಲದೆ, ಕಾಡಿನ ಪೊಟರೆಗಳನ್ನೆಲ್ಲ ಒಡೆದು ಜೇನು ತರಬೇಕೆಂದು ನಾನು ಯಾರಿಗೂ ಹೇಳಲಾರೆ. ಸಂಜೆ ಸ್ವಲ್ಪ ಹೊಗೆ ಕೊಟ್ಟು, ಮರಿಯಿರುವ ಎರಿಗಳನ್ನು ಕತ್ತರಿಸಿ, ಬಾಳೆಯ ನಾರಿನಿಂದ ಚೌಕಟ್ಟುಗಳಿಗೆ ಕಟ್ಟಿ, ರಾಣಿಯನ್ನು ಒಳಗೆ ಬಿಟ್ಟು, ಕೆಲಸದ ನೊಣ ನುಸುಳಿ ರಾಣಿ ನುಸುಳದಂಥ ಸಂದಿನ ತಗಡನ್ನು ಬಾಗಿಲಿಗೆ ಇಟ್ಟೆವು. ಒಂದು ವಾರದಲ್ಲಿ ನೊಣಗಳು ಎರಿಗಳನ್ನು ಚೌಕಟ್ಟಿಗೆ ಬೆಸೆದು, ಬಾಳೆನಾರನ್ನು ಕಡಿಕಡಿದು ಹೊರಕ್ಕೆ ಎಳೆದುಹಾಕಿದುವು. ತಗಡನ್ನು ಆಗ ತೆಗೆದುಬಿಡಬೇಕು. ಮರೆತರೆ ಗಂಡು ನೊಣಗಳು ಒಳಗೇ ಸಿಕ್ಕಿ ಸಾಯುತ್ತವೆ.

ಪುಷ್ಯ ಕಳೆಯುತ್ತಲೆ ಆ ಪೆಟ್ಟಿಗೆ ಬಲಿತು, ಪಾಲಾಗುವ ಸೂಚನೆ ತೋರಿತು. ಎರಿಗಳ ಕೆಳಅಂಚಿನಲ್ಲಿ ನೆಲಗಡಲೆಯ ಕಾಯಿಯಂತೆ ಐದಾರು ರಾಣಿಕೋಶಗಳು ತೂಗಾಡಿದುವು. ನಾನು ಕಾಯುತ್ತಿದ್ದುದು ಇದನ್ನೇ. ಹೊರಗಿನ ರಾಣಿಯನ್ನು ಕೊಲ್ಲುವ ನೊಣಗಳು, ಹೊರಗಿನಿಂದ ತಂದ ಕೋಶವನ್ನು ಬಹುಮಟ್ಟಿಗೆ ಒಪ್ಪುತ್ತವೆ. ಅದರಲ್ಲಿ ಹುಟ್ಟಿದವಳು ಆ ಮನೆಯ ಮಗಳೇ ಆಗಿಬಿಡುತ್ತಾಳೆ. ತುಡುವೆಯ ರಾಣಿಯು ಮೊಟ್ಟೆಯಿಟ್ಟ ದಿನದಿಂದ ಹದಿನೈದು ಹದಿನಾರು ದಿನಕ್ಕೆ ಹೊರಬರುತ್ತಾಳೆ. ಎಂಟನೆಯ ದಿನದ ಸುಮಾರಿಗೆ ಕೋಶಕ್ಕೆ ಮುಚ್ಚಳ ಬೀಳುವುದು. ಹೊರಬರುವುದಕ್ಕೆ ಒಂದೆರಡು ದಿನ ಮೊದಲು ಕೆಲಸದ ನೊಣಗಳು ಕೋಶದ ತುದಿಯ ಮೇಣವನ್ನು ಹೆರೆಯುವುದರಿಂದ ಅದು ಕಂದುಬಣ್ಣಕ್ಕೆ ತಿರುಗುತ್ತದೆ. ಕೋಶವನ್ನು ತೆಗೆಯತಕ್ಕದ್ದು ಆಗ. ಮೇಲ್ಗಡೆ ಒಂದು ಬೆರಳಗಲ ಎರಿಯನ್ನು ಬಿಟ್ಟು ಕೊಯ್ಯಬೇಕು. ಅಲುಗಿಸಬಾರದು, ಮಗುಚಬಾರದು, ತುದಿ ಕೆಳಗೇ ಇರಬೇಕು. ಅದನ್ನು ಹಾಕುವ ಪೆಟ್ಟಿಗೆಯ ರಾಣಿಯನ್ನು ಹಿಂದಿನ ದಿನ ತೆಗೆದಿರಬೇಕು. ಬಹಳ ದಿನ ರಾಣಿಯಿಲ್ಲದೆ ಬಿಟ್ಟರೆ ತುಡುವೆಯಲ್ಲಿ ಕೆಲಸದ ನೊಣಗಳೇ ಬೇಗ ಮೊಟ್ಟೆಯಿಡತೊಡಗಿ ಮನೆ ಕೆಡುತ್ತದೆ.

ಹಳದಿ ರಾಣಿಯನ್ನು ತೆಗೆಯುವುದೆಂದರೆ ಹೊಸಕಿ ಹಾಕುವುದೆಂದು ಕೈಪಿಡಿಗಳಲ್ಲಿ ಬರೆದಿದೆ. ನನ್ನ ಮನೆಯಾಕೆ ಜಗಲಿಯಿಂದ ನೋಡುತ್ತಿದ್ದವಳು, “ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಕೈಯೇ ಅದು?” ಎಂದಳು. ನಾನು ಆ ರಾಣಿಯರನ್ನು ಎರಡೆರಡು ಚೌಕಟ್ಟಿನೊಡನೆ ಸಣ್ಣ ಪೆಟ್ಟಿಗೆಗಳಲ್ಲಿ ಇಟ್ಟು, ಬಯಲುಸೀಮೆಯ ನಮ್ಮ ಬೀಗರ ಮನೆಗೆ ಕಳುಹಿಸಿದೆ. ಅಲ್ಲಿ ಅವು ಇಂದಿಗೂ ಚೆನ್ನಾಗಿವೆ. ಹಳದಿಯ ಜೇನನ್ನು ನಾನು ಹಳಿಯುತ್ತಿಲ್ಲ. ಅದರ ನಾಡಿನಲ್ಲಿ ಅದು ಒಳ್ಳೆಯದೇ.

ಮೂರು ಕೋಶಗಳಲ್ಲಿ ಎರಡು ಫಲಿಸಿದುವು. ಒಂದರ ಪಕ್ಕವನ್ನು ನೊಣಗಳು ಕೊರೆದು ಹಾಕಿದ್ದುವು. ಹೊರಬಂದ ಇಬ್ಬರೂ ಎರಡು ವಾರದೊಳಗೆ ಮೊಟ್ಟೆಯಿಟ್ಟರು. ಒಂದು ಕೆಲಸದ ನೊಣ ಮೊಟ್ಟೆಯಿಂದ ಹೊರಬರುವುದಕ್ಕೆ ಸುಮಾರು ಇಪ್ಪತ್ತು ದಿನ. ದುಡಿಮೆಯ ಕಾಲದಲ್ಲಿ ಅದರ ಆಯುಷ್ಯ ಆರೇಳು ವಾರ. ಆದುದರಿಂದ ಎರಡು ತಿಂಗಳು ಸಾಗುವಷ್ಟರಲ್ಲಿ ಹಳದಿಯೆಲ್ಲ ಸವೆದು ಪೆಟ್ಟಿಗೆ ಕಪ್ಪಾಗಬೇಕೆಂದು ಲೆಕ್ಕ ಹಾಕಿ, ಚೈತ್ರದಲ್ಲಿ, ನೇರಳೆ ಹೂಬಿಟ್ಟ ಕಾಲಕ್ಕೆ, ಮುಚ್ಚಳ ತೆಗೆದು ನೋಡಿದೆ. ಒಂದೇ ಎರಿಯ ಮೇಲೆ ಕರಿಯವು ಅರ್ಧ, ಹಳದಿ ಪಟ್ಟೆಯವು ಅರ್ಧ!

ಕಾರಣವನ್ನು ತಿಳಿಯುವುದು ಕಷ್ಟವಾಗಲಿಲ್ಲ, ಒಪ್ಪಿಕೊಳ್ಳುವುದು ಕಷ್ಟವಾಯಿತು. ರಾಣಿಯ ವಿವಾಹವು ಆಕಾಶದಲ್ಲಿ. ಅವಳು ಹುಟ್ಟಿದ ಕೆಲವು ದಿನಗಳಿಗೆ ಹೊರಗೆ ಹಾರಿ, ದೂರದಲ್ಲಿ ಗಂಡು ನೊಣಗಳು ನೆರೆಯುವ ತಾಣದಲ್ಲಿ ಹಲವು ಗಂಡುಗಳನ್ನು ಕೂಡಿ ಬರುತ್ತಾಳೆ. ಆಗ ದೊರೆತ ಬೀಜವನ್ನು ಹೊಟ್ಟೆಯ ಒಂದು ಚೀಲದಲ್ಲಿ ಕಾಪಿಟ್ಟುಕೊಂಡು ಬಾಳಿನುದ್ದಕ್ಕೂ ಬಳಸುತ್ತಾಳೆ. ಆ ಗಂಡುಗಳು ಯಾರ ಪೆಟ್ಟಿಗೆಯವು ಎಂಬುದು ನನ್ನ ವಶದಲ್ಲಿಲ್ಲ. ನನ್ನ ಉಳಿದ ಹಳದಿ ಪೆಟ್ಟಿಗೆಗಳಿದ್ದುವು. ಹಳ್ಳದಾಚೆಯ ಭಾವನವರ ಮನೆಯಲ್ಲಿ ಅಂಥವೇ ಎಂಟು ಪೆಟ್ಟಿಗೆಗಳಿದ್ದುವು. ಹೆಣ್ಣನ್ನು ನಾನು ಆರಿಸಿದೆ, ಗಂಡುಗಳನ್ನು ಊರು ಆರಿಸಿತು.

ಇಲ್ಲಿ ಸೃಷ್ಟಿಯ ಒಂದು ವಿಚಿತ್ರವಿದೆ. ಅದು ತಿಳಿದಾಗ ನನಗೆ ಮತ್ತೆ ಧೈರ್ಯ ಬಂದಿತು. ಸೈಲೀಸಿಯಾ ದೇಶದ ಜೀರ್ಜೋನ್ ಎಂಬ ಪಾದ್ರಿಯು 1845 ರಲ್ಲಿ, ಗಂಡು ನೊಣಕ್ಕೆ ತಾಯಿಯುಂಟು, ತಂದೆಯಿಲ್ಲ ಎಂದು ಸಾರಿದನು. ರಾಣಿಯು ಬೀಜ ಸೇರಿಸಿ ಇಟ್ಟ ಮೊಟ್ಟೆ ಹೆಣ್ಣಾಗುವುದು, ಸೇರಿಸದೆ ಇಟ್ಟುದು ಗಂಡಾಗುವುದು. ಜನರು ನಕ್ಕರು. ಕೆಲವು ವರ್ಷಗಳ ಮೇಲೆ ಇಟಲಿಯ ಹಳದಿ ಜೇನನ್ನು ತರಿಸಿ ತನ್ನ ನಾಡಿನ ಕರಿಯ ಜೇನಿನ ನಡುವೆ ಇಟ್ಟಾಗ ಅವನ ಮಾತಿಗೆ ಸಾಕ್ಷಿ ದೊರೆಯಿತು. ಕರಿಯ ಗಂಡುಗಳನ್ನು ಕೂಡಿದ ಹಳದಿ ರಾಣಿಗೆ ಹುಟ್ಟಿದ ಹೆಣ್ಣುಗಳು ಬೆರಕೆ. ಗಂಡುಗಳು ಮಾತ್ರ ತಾಯಿಯ ಬಣ್ಣದವೇ. ನನ್ನ ಅಂಗಳದಲ್ಲಿ ಇದು ತಿರುವುಮುರುವಾಗಿ ಕಂಡಿತು. ಬೆರಕೆಯ ಪೆಟ್ಟಿಗೆಯಲ್ಲಿ ಗಂಡುಕೋಶಗಳನ್ನು ಹುಡುಕಿದೆ. ತುಡುವೆಯಲ್ಲಿ ಅವುಗಳ ಮುಚ್ಚಳ ಉಬ್ಬಿ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರವಿರುವುದರಿಂದ ಗುರುತಿಸುವುದು ಸುಲಭ. ಅಲ್ಲಿಂದ ಹೊರಬಂದ ಗಂಡುಗಳೆಲ್ಲವೂ ಕಪ್ಪು. ಎಂದರೆ ನನ್ನ ರಾಣಿಯು ಬೆರಕೆಯ ಮದುವೆಯಾಗಿದ್ದರೂ ಶುದ್ಧವಾದ ಕರಿಯ ಗಂಡುಗಳನ್ನೇ ಊರಿನ ಆಕಾಶಕ್ಕೆ ಕಳುಹಿಸುತ್ತಿದ್ದಾಳೆ. ಕರಿಯ ರಾಣಿಯರು ಹತ್ತು ಮನೆಯಲ್ಲಿದ್ದರೆ ಮುಂದಿನ ಪೀಳಿಗೆಯ ರಾಣಿಗೆ ಗಂಡು ದೊರೆಯುವುದು ಕರಿಯದೇ. ಒಂದು ಮನೆಯಲ್ಲಿದ್ದರೆ ಎರಡು ಪೀಳಿಗೆಯಲ್ಲಿ ಎಲ್ಲವೂ ಕಲಸಿಹೋಗುವುದು.

ಬ್ರಿಟನ್ನಿನಲ್ಲಿ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದಾರೆ. 1904 ರಲ್ಲಿ ವೈಟ್ ದ್ವೀಪದಲ್ಲಿ ಕಾಣಿಸಿಕೊಂಡ ಒಂದು ಪಿಡುಗು ಮುಂದಿನ ಹದಿನೈದು ವರ್ಷಗಳಲ್ಲಿ ಆ ದೇಶದ ಕರಿಯ ಜೇನನ್ನು ಬಹುಪಾಲು ಅಳಿಸಿತು. ಇಟಲಿ ಮೊದಲಾದ ಕಡೆಗಳಿಂದ ರಾಣಿಯರನ್ನು ತರಿಸಿ ಪೆಟ್ಟಿಗೆಗಳನ್ನು ತುಂಬಿದರು. ನಾಡಿನ ಜೇನು ಪೂರ್ತಿ ಅಳಿಯಿತೆಂದು ನಂಬಿದವರೂ ಬಹಳ. ಅದು ಮೂಲೆಮೂಲೆಗಳಲ್ಲಿ ಉಳಿದಿತ್ತು. ಈಗ ಅದನ್ನೇ ಹುಡುಕಿ ಸಾಕುವ ಸಂಘಗಳಿವೆ. ಸ್ಕಾಟ್ಲೆಂಡಿನ ಕಾಲನ್ಸೆ ಎಂಬ ಸಣ್ಣ ದ್ವೀಪದಲ್ಲಿ ಕರಿಯ ಜೇನಲ್ಲದೆ ಬೇರೆ ಜೇನನ್ನು ಸಾಕಕೂಡದೆಂದು 2013 ರಲ್ಲಿ ಸರಕಾರವೇ ಕಟ್ಟಳೆ ಮಾಡಿತು. 2014 ರಿಂದ ಅದು ಜಾರಿಯಲ್ಲಿದೆ. ಅಲ್ಲಿ ಸುತ್ತಲೂ ಸಮುದ್ರವಿದೆ. ನಮ್ಮ ಮನೆಗೂ ಭಾವನವರ ಮನೆಗೂ ನಡುವೆ ಇರುವುದು ಮೊಣಕಾಲುದ್ದದ ಹಳ್ಳ.

ಫಲವೇನಾಯಿತೆಂದು ಕೇಳುವಿರಿ. 2023 ರ ಮಳೆಗಾಲದಲ್ಲಿ ಹೊನ್ನೆಮರದ ಕರಿಯ ಕುಟುಂಬವು ಆರಿದ್ರೆಯ ಮಳೆ ಬೀಳುತ್ತಲೆ ಮರಿಯ ಎರಿಗಳನ್ನು ಎರಡಕ್ಕೆ ಇಳಿಸಿಕೊಂಡು, ಕೂಡಿಟ್ಟ ತುಪ್ಪವನ್ನು ಕೊಂಚಕೊಂಚವಾಗಿ ತಿನ್ನುತ್ತ ಕುಳಿತಿತು. ಮೋಡ ಒಂದು ಗಳಿಗೆ ಹರಿದರೆ ಸಾಕು, ಆ ಪೆಟ್ಟಿಗೆಯ ನೊಣ ಹೊರಗೆ; ಹಳದಿಯವು ಇನ್ನೂ ಬಾಗಿಲಲ್ಲಿ ಯೋಚಿಸುತ್ತಿರುತ್ತಿದ್ದುವು. ಹಳದಿಗೆ ವಾರಕ್ಕೆ ಎರಡು ಸಲ ಪಾನಕ ಎರೆದರೆ ಕರಿಯದಕ್ಕೆ ಪಕ್ಷಕ್ಕೊಮ್ಮೆ ಸಾಕಾಯಿತು. ಬೆರಕೆಯ ಎರಡು ಪೆಟ್ಟಿಗೆಗಳು ನಡುವಣ ರೀತಿಯವು. ತುಪ್ಪದ ಲೆಕ್ಕದಲ್ಲಿ ಕರಿಯದು ಗೆಲ್ಲಲಿಲ್ಲ. ಚೈತ್ರ ವೈಶಾಖಗಳಲ್ಲಿ ಹಳದಿಯ ಒಳ್ಳೆಯ ಪೆಟ್ಟಿಗೆಯೊಂದು ಅದಕ್ಕಿಂತ ಒಂದು ಬಾಟಲಿ ಹೆಚ್ಚಾಗಿಯೇ ಕೊಟ್ಟಿತು. ಆದರೆ ಅದಕ್ಕೆ ಎರೆದ ಸಕ್ಕರೆಯ ಬೆಲೆಯನ್ನು ಕಳೆದಾಗ ನನ್ನ ಕೈಯಲ್ಲಿ ಉಳಿದುದು ಏನೂ ಇಲ್ಲ. ಕೋಪದ ವಿಷಯಕ್ಕೆ ಬಂದರೆ ಮೋಡದ ದಿನ ಕರಿಯದರ ಮುಚ್ಚಳ ತೆಗೆಯದಿರುವುದು ಕ್ಷೇಮ. ನನ್ನ ಎಡಗಣ್ಣು ಒಂದು ಸಲ ಎರಡು ದಿನ ತೆರೆಯಲಿಲ್ಲ.

ಇನ್ನೊಂದನ್ನು ಮುಚ್ಚಿಡಬಾರದು. ಕಾಡಿನಲ್ಲಿ ರೋಗವನ್ನು ತಾಳಿ ಉಳಿದವರ ವಂಶವಾದುದರಿಂದ ಇವಕ್ಕೆ ಆ ಹಳೆಯ ರೋಗ ತಟ್ಟದೆಂದು ನಾನು ಮನಸ್ಸಿನಲ್ಲಿ ನಂಬಿಕೊಂಡಿದ್ದೆ. 2024 ರ ಮಾಘದಲ್ಲಿ ಒಂದು ಬೆಳಗ್ಗೆ ಬೆರಕೆಯ ಪೆಟ್ಟಿಗೆಯೊಂದರ ಬಾಗಿಲಲ್ಲಿ ಸತ್ತ ಮರಿಗಳು ಬಿದ್ದಿದ್ದುವು. ತೆಗೆದು ಬೆರಳ ಮೇಲಿಟ್ಟು ನೋಡಿದೆ, ನೀರಿನ ಚೀಲ. ತಂದೆಯವರು ಕುಳಿತು ಎಣಿಸುತ್ತಿದ್ದ ಜಾಗ ಅದೇ. ವಾರದೊಳಗೆ ಕರಿಯ ಪೆಟ್ಟಿಗೆಯಲ್ಲಿಯೂ ಅದೇ ಕಂಡಿತು. ಇದಕ್ಕೆ ಔಷಧವಿಲ್ಲ. ರೋಗ ಹಿಡಿಯುವುದು ಮರಿಗೆ. ಆದುದರಿಂದ ಕೆಲವು ದಿನ ಮನೆಯಲ್ಲಿ ಮರಿಯೇ ಇಲ್ಲದಂತೆ ಮಾಡುವುದೊಂದು ಉಪಾಯ. ರಾಣಿಯನ್ನು ಗೂಡಿನಲ್ಲಿ ಕೂಡಿಹಾಕಿ, ಕೆಟ್ಟ ಎರಿಗಳನ್ನು ತೆಗೆದು ಸುಟ್ಟೆ; ಕೈ ತೊಳೆಯದೆ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗಲಿಲ್ಲ. ಬೆರಕೆಯದು ಹಾರಿಹೋಯಿತು. ಕರಿಯದು ಚೈತ್ರದ ಹೊತ್ತಿಗೆ ಚೇತರಿಸಿಕೊಂಡಿತು. ಒಂದೇ ನಿದರ್ಶನದಿಂದ ಸಿದ್ಧಾಂತ ಮಾಡಕೂಡದೆಂದು ತರ್ಕಶಾಸ್ತ್ರ ಹೇಳುತ್ತದೆ, ನಾನು ಮಾಡುವುದಿಲ್ಲ. ಆ ಚೇತರಿಸಿಕೊಂಡ ರಾಣಿಯ ಕೋಶಗಳನ್ನೇ ಮುಂದೆ ಬಳಸಿದೆನೆಂದು ಮಾತ್ರ ತಿಳಿಸುತ್ತೇನೆ. ದೂರದೂರಿನಿಂದ ಅಗ್ಗದ ಕುಟುಂಬಗಳನ್ನು ಕೊಂಡು ತರುವುದನ್ನು ಅಂದೇ ನಿಲ್ಲಿಸಿದೆ. ಪೆಟ್ಟಿಗೆಯೊಡನೆ ಏನು ಬಂದಿರುತ್ತದೆಂದು ಕೊಂಡವನಿಗೂ ತಿಳಿಯದು, ಕೊಟ್ಟವನಿಗೂ ತಿಳಿಯದು.

ಉಳಿದುದು ಭಾವನವರ ಮಾತು. ಹಳ್ಳ ದಾಟಿ ಹೋಗಿ, ಅವರ ಎಂಟು ಪೆಟ್ಟಿಗೆಗಳಿಗೂ ಕರಿಯ ಕೋಶ ಕೊಡುತ್ತೇನೆಂದು ಎರಡು ಸಲ ಕೇಳಿದ್ದೆ. “ನಿನ್ನ ಕರಿ ರಾಣಿಗಾಗಿ ನಾನು ಚೈತ್ರದ ಒಂದು ಬಾಟಲಿ ತುಪ್ಪ ಬಿಡಲೇ?” ಎಂದು ಅವರು ನಗುತ್ತಿದ್ದರು. ನ್ಯಾಯವಾದ ಮಾತೇ, ತುಪ್ಪ ಮಾರಿ ಬರುವ ಹಣದಲ್ಲಿ ಅವರ ಮೊಮ್ಮಗಳ ಕಾಲೇಜಿನ ಖರ್ಚು ನಡೆಯುತ್ತದೆ. 2024 ರ ಮಳೆಗಾಲದಲ್ಲಿ ಅವರ ಎಂಟರಲ್ಲಿ ಐದು ಪೆಟ್ಟಿಗೆ ಖಾಲಿಯಾದುವು. ನಾನು ಆ ಮಾತೆತ್ತಲಿಲ್ಲ. ಮಾರ್ಗಶಿರದಲ್ಲಿ ಒಂದು ಸಂಜೆ ಅವರೇ ಹಳ್ಳ ದಾಟಿ ಬಂದು, ಜಗಲಿಯ ಮೇಲೆ ಕುಳಿತು, ಕವಳ ಹಾಕಿ, ಬಹಳ ಹೊತ್ತು ಅಡಿಕೆಯ ಧಾರಣೆಯ ಮಾತಾಡಿದರು. ಏಳುವಾಗ, “ಭಾವಾ, ಕೋಶವನ್ನು ಮಗುಚದೆ ಹಿಡಿಯಬೇಕೆಂದೆಯಲ್ಲ, ಹಳ್ಳ ದಾಟುವಾಗ ಹೇಗೆ ಹಿಡಿಯುವುದು?” ಎಂದರು.

ತೆಂಗಿನ ಚಿಪ್ಪಿನಲ್ಲಿ ಹತ್ತಿ ಹಾಸಿ, ಕೋಶವನ್ನು ತುದಿ ಕೆಳಗಾಗಿ ನಿಲ್ಲಿಸಿ, ಎದೆಯ ಬಿಸಿಗೆ ಒತ್ತಿ ಹಿಡಿದುಕೊಂಡು ಹೋದೆವು. ನಾಲ್ಕರಲ್ಲಿ ಮೂರು ಫಲಿಸಿವೆ.